ಗಿಯರಿನಲ್ಲಿದ್ದ ಗಾಡಿ ಓಡಿದ್ದೇಕೆ?

ಜೀಪು, ಟಿಲ್ಲರು ಓಡಿಸಿ ಗೊತ್ತಿರುವ ಎಲ್ಲರಿಗೂ ಒಂದು ಅಭ್ಯಾಸ ಉಂಟು. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಫಸ್ಟ್ ಗಿಯರಿಗೆ ಹಾಕಿ ಎಂಜಿನು ಆಫ್ ಮಾಡುವುದು. ಮತ್ತೆ ಅತ್ತಿತ್ತ ಹೋದರೂ ಗಾಡಿ ಅಲ್ಲೇ ಇರುತ್ತದೆ.

ನಾನೂ ಹಾಗೇ ಮಾಡಿದ್ದೆ. ನಮ್ಮ ಗೊಬ್ಬರದ ಮೋಟಾರು ಗಾಡಿ ಗಿಯರಿನಲ್ಲೇ ಇತ್ತು. ಬ್ರೇಕಿನ ಲಿವರಿಗೂ ಹಗ್ಗ ಸುತ್ತಿದ್ದೆ. ಎಂಜಿನು ಬಂದ್. ನಾಲ್ಕು ಹೆಜ್ಜೆ ಹೋಗಿ ಬುಟ್ಟಿ ತರುವಷ್ಟರಲ್ಲಿ ಹಿಂದಿನಿಂದ ‘ಟಿಕ್ ಟಿಕ್ ಟಿಕ್’ ಅಂತ ಸದ್ದು. ತಿರುಗಿ ನೋಡಿದರೆ ಗಾಡಿ ಹೊರಟೇಬಿಟ್ಟಿದೆ! ಓಡಿ ಹೋಗಿ ಹ್ಯಾಂಡಲ್ ಹಿಡಿದೆ, ಬ್ರೇಕು ಇನ್ನಷ್ಟು ಅದುಮಿದೆ. ಏನೂ ಆಗಲಿಲ್ಲ. ಕೈ ತಪ್ಪಿತು. ಕೆಳಗಿನ ತಟ್ಟಿನಲ್ಲಿ ಸೋಗೆ ಎಳೆಯುತ್ತಿದ್ದ ಅಕ್ಕ ಕೂಗು ಕೇಳಿ ಪಕ್ಕಕ್ಕೆ ಹಾರಿದರು, ಕಣಿಗೆ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಗಾಡಿ ಒಂದು ಅಡಿಕೆ ಮರಕ್ಕೆ ಬಡಿದು ನಿಂತಿತು. ಆ ಮರ ಇಲ್ಲದಿದ್ದರೆ ತೋಡಿಗೇ.

ಹತ್ತು ವರ್ಷದಿಂದ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿರುವವರು. ಆಸ್ಪತ್ರೆ ಖರ್ಚು, ಕೆಲಸವಿಲ್ಲದ ದಿನಗಳ ಸಂಬಳ ಕೊಟ್ಟೆ. ಕೊಟ್ಟರೆ ನೋವು ಹೋಗುವುದಿಲ್ಲವಲ್ಲ. ಯಂತ್ರ ನನ್ನದು, ಅದರೊಳಗೆ ಫ್ರೀವೀಲ್ ಕೂರಿಸಿದವನೂ ನಾನೇ. ಅದು ಏನು ಮಾಡುತ್ತದೆ ಅಂತ ಅರ್ಧ ಮಾತ್ರ ಯೋಚಿಸಿದ್ದೆ. ಉಳಿದರ್ಧ ಯೋಚಿಸಿದ್ದು ಆ ದಿನ ರಾತ್ರಿ.

ಫ್ರೀವೀಲ್ ಹಾಕಿದ್ದು ಯಾಕೆ?

ಗಾಡಿ ದೊಡ್ಡ ಸಾಹಸವೇನಲ್ಲ. ಹಳೆ ಸ್ಕೂಟರಿನ ಎಂಜಿನು, ಅದರದ್ದೇ ಗಿಯರು, ಎರಡು ಗಾಲಿ, ಮುಂದೆ ಒಂದು ಸಣ್ಣ ಗಾಲಿ, ಮೇಲೊಂದು ತಗಡಿನ ಪೆಟ್ಟಿಗೆ. ಹಿಂದಿನಿಂದ ನಡೆದುಕೊಂಡು ಹೋಗುವುದು. ಸ್ಕೂಟರಿನ ಹಿಂದಿನ ಚಕ್ರ ಕೂರುವ ಜಾಗದಲ್ಲಿ ಸ್ಪ್ರಾಕೆಟ್ ಹಾಕಿ, ಅಲ್ಲಿಂದ ಚೈನಿನಲ್ಲಿ ಒಂದು ಅಡ್ಡ ಶಾಫ್ಟಿಗೆ, ಶಾಫ್ಟಿನಿಂದ ಮತ್ತೆರಡು ಚೈನು ಎರಡು ಗಾಲಿಗೆ. ಸ್ಕೂಟರಿನ ಎಂಜಿನಿಗೆ ಫ್ಯಾನ್ ಇರುವುದರಿಂದ ನಿಧಾನ ಹೋದರೂ ಬಿಸಿಯಾಗುವ ತೊಂದರೆ ಕಡಿಮೆ. ಬ್ರೇಕು? ಸ್ಕೂಟರಿನ ಬ್ರೇಕು ಆ ಡ್ರಮ್ಮಿನಲ್ಲೇ ಇತ್ತಲ್ಲ, ಅದನ್ನೇ ಕೈಗೆ ಬರುವ ಹಾಗೆ ಲಿವರಿಗೆ ಜೋಡಿಸಿದೆ. (ಈ ಮಾತು ನೆನಪಿಡಿ, ಮತ್ತೆ ಬರುತ್ತದೆ.)

ಮೊದಲ ಸಲ ಎರಡೂ ಗಾಲಿಗಳನ್ನು ಸ್ಪ್ರಾಕೆಟಿಗೆ ಗಟ್ಟಿಯಾಗಿ ಬಿಗಿದಿದ್ದೆ. ನೇರ ಹೋಗುವಾಗ ಚೆನ್ನ. ತಿರುಗಿಸಲು ಹೋದರೆ ತೋಳು ಕಿತ್ತು ಬರುತ್ತಿತ್ತು!

ಕಾರಣ ಸರಳ ಲೆಕ್ಕ. ನನ್ನ ಗಾಡಿಯಲ್ಲಿ ಗಾಲಿಯಿಂದ ಗಾಲಿಗೆ ಎರಡೂವರೆ ಅಡಿ. ಪೂರ್ತಿ ಹಿಂದಕ್ಕೆ ತಿರುಗಿಸುವಾಗ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹತ್ತಿರ ಹತ್ತಿರ 8 ಅಡಿ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ ಸಣ್ಣದಿರಲಿ, ಈ 8 ಅಡಿ ತಪ್ಪುವುದಿಲ್ಲ. ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗಿದರೆ ಆ 8 ಅಡಿಯನ್ನು ನೀವು ಎಳೆದು, ಜಾರಿಸಿ, ಮಣ್ಣು ಕೆದರಿ ಮುಗಿಸಬೇಕು. ಮಳೆಗಾಲದಲ್ಲಿ ತಿರುವಿನಲ್ಲೆಲ್ಲ ಗುಂಡಿ.

ಜೀಪಿಗೆ ಇದಕ್ಕಾಗಿ ಡಿಫರೆನ್ಷಿಯಲ್ ಇದೆ. ಟಿಲ್ಲರಿಗೆ ಎರಡು ಕೈಯಲ್ಲಿ ಎರಡು ಸ್ಟೇರಿಂಗ್ ಕ್ಲಚ್. ನನ್ನಂಥವರ ವೆಲ್ಡಿಂಗ್ ಶಾಪಿನ ಗಾಡಿಗೆ ಇವೆರಡೂ ದುಬಾರಿ. ಆಗ ನೆನಪಾದದ್ದೇ ಸೈಕಲ್ಲಿನ ಫ್ರೀವೀಲ್.

ಸೈಕಲ್ ತುಳಿದರೆ ಚಕ್ರ ತಿರುಗುತ್ತದೆ. ತುಳಿಯುವುದು ನಿಲ್ಲಿಸಿದರೆ ಚಕ್ರ ತನ್ನ ಪಾಡಿಗೆ ಓಡುತ್ತದೆ, ಪೆಡಲು ಸುಮ್ಮನಿರುತ್ತದೆ. ಒಳಗೆ ಗರಗಸದ ಹಲ್ಲಿನಂತೆ ಓರೆ ಹಲ್ಲುಗಳ ಒಂದು ಬಳೆ, ಅದಕ್ಕೆ ಒರಗಿಕೊಂಡ ಎರಡು ಸಣ್ಣ ಕಬ್ಬಿಣದ ನಾಲಗೆ, ನಾಲಗೆಯನ್ನು ಎತ್ತಿ ಹಿಡಿಯಲು ಕೂದಲೆಳೆಯಂಥ ಸ್ಪ್ರಿಂಗು. ಒಂದು ದಿಕ್ಕಿಗೆ ನಾಲಗೆ ಹಲ್ಲಿಗೆ ಸಿಕ್ಕಿ ಎಳೆಯುತ್ತದೆ. ಇನ್ನೊಂದು ದಿಕ್ಕಿಗೆ ಹಲ್ಲಿನ ಮೇಲೆ ಜಾರಿ ‘ಟಿಕ್ ಟಿಕ್’ ಅನ್ನುತ್ತದೆ. ಅಷ್ಟೇ ಗುಟ್ಟು.

ಎರಡು ಗಾಲಿಗೂ ಒಂದೊಂದು ಫ್ರೀವೀಲ್ ಹಾಕಿದರೆ? ತಿರುವಿನಲ್ಲಿ ಹೊರಗಿನ ಗಾಲಿ ಎಂಜಿನಿಗಿಂತ ಜೋರಾಗಿ ಓಡಬೇಕು, ಓಡಿಕೊಳ್ಳುತ್ತದೆ. ಒಳಗಿನದು ಗಾಡಿಯನ್ನು ಎಳೆಯುತ್ತದೆ. ಡಿಫರೆನ್ಷಿಯಲ್ಲಿಗಿಂತ ಒಂದು ಲಾಭವೂ ಉಂಟು. ಡಿಫರೆನ್ಷಿಯಲ್ಲಿನಲ್ಲಿ ಒಂದು ಗಾಲಿ ಕೆಸರಲ್ಲಿ ಸುಮ್ಮನೆ ತಿರುಗಿದರೆ ಇನ್ನೊಂದು ನಿಂತೇ ಬಿಡುತ್ತದೆ. ಇಲ್ಲಿ ಹಾಗಲ್ಲ. ಒಂದು ಜಾರಿದರೂ ಮತ್ತೊಂದು ಎಳೆಯುತ್ತಲೇ ಇರುತ್ತದೆ. ರಿವರ್ಸ್ ಮಾತ್ರ ಬರುವುದಿಲ್ಲ. ಸ್ಕೂಟರಿಗೆ ರಿವರ್ಸೇ ಇಲ್ಲ, ಹಾಗಾಗಿ ನನಗೆ ಕಳೆದುಕೊಳ್ಳುವುದೇನೂ ಇರಲಿಲ್ಲ.

ಮಾಡಿದ ತಪ್ಪುಗಳು

ಮೊದಲನೆಯದು ನಗು ಬರುವಂಥದ್ದು. ಬಲ ಗಾಲಿಯ ಹೊರಬದಿಗೆ ಫ್ರೀವೀಲ್ ಹಾಕಿದೆವು, ಎಡ ಗಾಲಿಗೂ ಹೊರಬದಿಗೇ ಹಾಕಿದೆವು. ನೋಡಲು ಜೋಡಿ ಸರಿ. ಸ್ಟಾರ್ಟ್ ಮಾಡಿದರೆ ಗಾಡಿ ಎಡಕ್ಕೇ ಸುತ್ತುತ್ತದೆ! ಎಡಗಡೆ ಚೈನು ತಿರುಗುತ್ತದೆ, ಗಾಲಿ ಇಲ್ಲ. ಸೈಕಲ್ ಫ್ರೀವೀಲ್ ಚಕ್ರದ ಬಲಬದಿಗಾಗಿಯೇ ಮಾಡಿದ್ದು. ಎಡಬದಿಗೆ ಮಗುಚಿ ಹಾಕಿದರೆ ಅದು ಹಿಂದಕ್ಕೆ ಎಳೆಯುತ್ತದೆ, ಮುಂದಕ್ಕೆ ಜಾರುತ್ತದೆ. “ಭಾವಾ, ಕನ್ನಡಿಯಲ್ಲಿ ಕೈಗಡಿಯಾರ ನೋಡಿದ ಹಾಗೆ ಆಯ್ತು ನಿಮ್ಮದು” ಅಂತ ತಂಗಿಯ ಗಂಡ ನಗಾಡಿದರು. ಎಡ ಗಾಲಿಯಲ್ಲಿ ಅದನ್ನು ಒಳಬದಿಗೆ, ಅಂದರೆ ಆ ಗಾಲಿಯ ಬಲಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ತಾನಾಗಿ ಓಡುವ ಹುಲ್ಲು ಕತ್ತರಿಸುವ ಯಂತ್ರ ಇರುವವರೂ ಗಮನಿಸಿ. ಕೆಲವು ಮಾದರಿಗಳಲ್ಲಿ ಹಿಂದಿನ ಗಾಲಿಗಳ ಒಳಗೆ ಇಂಥದೇ ಸಣ್ಣ ಬಿಲ್ಲೆ ಇರುತ್ತದೆ. ಕಳಚಿ ತೊಳೆಯುವಾಗ ಎಡಬಲ ಅದಲುಬದಲಾದರೆ ಯಂತ್ರ ಮುಂದೆ ಹೋಗುವುದಿಲ್ಲ. ಗಿಯರ್ ಹೋಯಿತು ಅಂತ ಹೊಸದು ತರಬೇಡಿ, ಬಿಚ್ಚಿ ತಿರುಗಿಸಿ ನೋಡಿ.

ಎರಡನೆಯದು, ಸೈಕಲ್ ಫ್ರೀವೀಲ್ ಈ ಭಾರಕ್ಕೆ ಸಾಲದು. ಮನುಷ್ಯ ಮೆತ್ತಗೆ ತುಳಿಯುತ್ತಾನೆ, ಎಂಜಿನು ಹಾಗಲ್ಲ, ಕ್ಲಚ್ಚು ಬಿಟ್ಟ ಕೂಡಲೇ ಒದೆಯುತ್ತದೆ. ಅದೂ ತಿರುವಿನಲ್ಲಿ ಇಡೀ ಭಾರ ಒಳಗಿನ ಒಂದೇ ಗಾಲಿಯ ಎರಡು ನಾಲಗೆ ಮೇಲೆ. ಒಂದು ಬೇಸಿಗೆ ಕಳೆಯುವುದರೊಳಗೆ ನಾಲಗೆಗಳು ತುಂಡು. ಮತ್ತೆ ಲೇತಿನವರ ಹತ್ತಿರ ಕೂತು 12 ಹಲ್ಲಿನ ದಪ್ಪ ಬಳೆ ಮಾಡಿಸಿದೆ. ನಾಲಗೆಗೆ ಲಾರಿಯ ಪ್ಲೇಟಿನ ತುಂಡು. ಅದು ಈಗಲೂ ಗಟ್ಟಿ ಇದೆ.

ಆದರೆ 12 ಹಲ್ಲು ಅಂದರೆ ಗಾಲಿ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗದಷ್ಟು ಸಡಿಲ. 16 ಇಂಚಿನ ಗಾಲಿಗೆ ಅದು 4 ಇಂಚು. ಏರಿನಲ್ಲಿ ನಿಲ್ಲಿಸಿದರೆ ಗಾಡಿ 4 ಇಂಚಿನವರೆಗೂ ಹಿಂದೆ ಬಂದು ‘ಟಕ್’ ಅಂತ ನಿಲ್ಲಬಹುದು. ಹಿಂದೆ ನಿಂತವನ ಕಾಲ್ಬೆರಳಿಗೆ 4 ಇಂಚು ಸಾಕು. ರೋಲರ್ ಇರುವ ಫ್ರೀವೀಲಿನಲ್ಲಿ ಈ ಸಡಿಲ ಇಲ್ಲ. ಅದರಲ್ಲಿ ಹಲ್ಲಿನ ಬದಲು ಓರೆಯಾದ ಗೂಡು, ಗೂಡಿನಲ್ಲಿ ಉರುಟು ರೋಲರು. ಒಂದು ಕಡೆಗೆ ತಿರುಗಿದರೆ ರೋಲರು ಇರುಕಿನಲ್ಲಿ ಸಿಕ್ಕಿ ಹಿಡಿದುಕೊಳ್ಳುತ್ತದೆ, ಇನ್ನೊಂದು ಕಡೆಗೆ ಬಿಡುತ್ತದೆ. ಸದ್ದೂ ಇಲ್ಲ. ಆದರೆ ಅದು ನುಣ್ಣಗೆ ತಿಕ್ಕಿದ ಗಟ್ಟಿ ಉಕ್ಕಿನ ಕೆಲಸ, ನಮ್ಮೂರ ಲೇತಿನಲ್ಲಿ ಆಗುವಂಥದ್ದಲ್ಲ.

ಮೂರನೆಯ ತಪ್ಪು ಮೊದಲೇ ಹೇಳಿದೆನಲ್ಲ.

ಏರಿಗೆ ಒಂದು, ಇಳಿಗೆ ಒಂದು

ಗಾಡಿ ಮೂತಿ ಏರಿನ ಕಡೆಗಿದ್ದು ಎಂಜಿನು ನಿಂತಿತು ಅಂತಿಟ್ಟುಕೊಳ್ಳಿ. ಗಾಡಿ ಹಿಂದಕ್ಕೆ ಬರಲು ನೋಡುತ್ತದೆ. ಗಾಲಿ ಹಿಂದಕ್ಕೆ ತಿರುಗಿದರೆ ನಾಲಗೆ ಹಲ್ಲಿಗೆ ಸಿಗುತ್ತದೆ, ಚೈನು ಬಿಗಿಯುತ್ತದೆ, ಗಿಯರಿನಲ್ಲಿರುವ ಎಂಜಿನು ತಡೆಯುತ್ತದೆ. ಬ್ರೇಕೂ ತಡೆಯುತ್ತದೆ. ನಾನು ಬ್ರೇಕು ಪರೀಕ್ಷೆ ಮಾಡಿದ್ದೆಲ್ಲ ಹೀಗೇ, ಹಟ್ಟಿಯಿಂದ ಮೇಲೆ ಬರುವ ಏರಿನಲ್ಲಿ!

ಈಗ ಮೂತಿ ಇಳಿಜಾರಿಗೆ. ಗಾಲಿ ಮುಂದಕ್ಕೆ ಓಡಲು ನೋಡುತ್ತದೆ. ಮುಂದಕ್ಕೆ ಓಡುವುದೇ ಫ್ರೀವೀಲಿನ ಬಿಡುಗಡೆಯ ದಿಕ್ಕು. ಗಿಯರು ಯಾವುದಿದ್ದರೇನು, ಎಂಜಿನು ಬಂದ್ ಇದ್ದರೇನು, ಗಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಬ್ರೇಕು. ಸ್ಕೂಟರಿನ ಡ್ರಮ್ಮು ಇರುವುದು ಎಂಜಿನಿನ ಬದಿಗೆ. ಫ್ರೀವೀಲ್ ಇರುವುದು ಗಾಲಿಯಲ್ಲಿ. ನಾನು ಬ್ರೇಕು ಅದುಮಿದಾಗ ಡ್ರಮ್ಮು ನಿಂತಿತು, ಶಾಫ್ಟ್ ನಿಂತಿತು, ಚೈನೂ ನಿಂತಿತು. ಗಾಲಿ ಮಾತ್ರ ಟಿಕ್ ಟಿಕ್ ಅಂತ ಹೋಯಿತು!

ಕೈಯಲ್ಲಿ ಹಿಡಿಯಬಾರದೇ ಅನ್ನಬಹುದು. ಗೊಬ್ಬರ ತುಂಬಿದ ಗಾಡಿ 300 ಕಿಲೋ. ಆರು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಅದು ಸುಮಾರು 50 ಕಿಲೋ ಬಲದಲ್ಲಿ ಕೆಳಕ್ಕೆ ಎಳೆಯುತ್ತದೆ, ಒಂದು ಚೀಲ ಸಿಮೆಂಟಿನಷ್ಟು. ನಿಂತ ಗಾಡಿಯನ್ನು ಗಟ್ಟಿಗ ಹಿಡಿದಾನು. ಓಡಲು ಶುರುವಾದದ್ದನ್ನು ಯಾರಿಂದಲೂ ಆಗದು.

ಈಗ ಮಾಡಿದ್ದು

ಹಳೆ ಮೊಪೆಡ್ಡಿನ ಎರಡು ಹಬ್ ತಂದು ಬ್ರೇಕನ್ನು ಗಾಲಿಗೇ ಕೂರಿಸಿದೆ. ಎರಡು ಕೇಬಲು, ಒಂದೇ ಲಿವರು. ಗಾಲಿಯನ್ನೇ ಹಿಡಿಯುವ ಬ್ರೇಕಿಗೆ ಫ್ರೀವೀಲ್ ಇದ್ದರೇನು, ಇಲ್ಲದಿದ್ದರೇನು. ಲಿವರಿಗೆ ಹಗ್ಗದ ಬದಲು ಕಚ್ಚಿ ನಿಲ್ಲುವ ಕೊಕ್ಕೆ. ಸ್ಕೂಟರಿನ ಬ್ರೇಕನ್ನು ಪೂರಾ ಕಿತ್ತು ಹಾಕಿದೆ. ಅದು ಇದ್ದರೆ ಸುಳ್ಳು ಧೈರ್ಯ.

ಇನ್ನೊಂದು, ಸ್ಪ್ರಾಕೆಟ್ ಮತ್ತು ಹಬ್ ಎರಡನ್ನೂ ಸೇರಿಸಿ ತೂತು ಕೊರೆದು ಪಿನ್ ಮಾಡಿಸಿದ್ದೇನೆ. ಪಿನ್ ಹಾಕಿದರೆ ಫ್ರೀವೀಲ್ ಇಲ್ಲದ ಹಾಗೆ. ದೊಡ್ಡ ಇಳಿಜಾರಿಗೆ ಮುಂಚೆ ಒಂದು ಗಾಲಿಗೆ ಪಿನ್ ಹಾಕಿ ಫಸ್ಟ್ ಗಿಯರಿನಲ್ಲಿ ಇಳಿದರೆ ಎಂಜಿನೇ ಹಿಡಿದುಕೊಂಡು ಇಳಿಸುತ್ತದೆ. ಆ ಗಾಲಿಯ ಕಡೆಗೆ ಸ್ವಲ್ಪ ಎಳೆತ ಉಂಟು, ಅಭ್ಯಾಸವಾಗುತ್ತದೆ. ಇದೇನೂ ನನ್ನ ಬುದ್ಧಿಯಲ್ಲ. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್ ಜೀಪಿನಲ್ಲಿ ಮುಂದಿನ ಗಾಲಿಗಳ ಡ್ರೈವಿಗೆ ಫ್ರೀವೀಲ್ ಇತ್ತು. ಬೇಕಾದಾಗ ಲಾಕ್ ಮಾಡಲು ಚಾಲಕನಿಗೆ ಎಳೆಯುವ ಒಂದು ಬಳೆಯನ್ನೂ ಕೊಟ್ಟಿದ್ದರು. ಸ್ವೀಡನ್ನಿನ ಸಾಬ್ ಕಂಪೆನಿಯ ಹಳೆ ಟೂ ಸ್ಟ್ರೋಕ್ ಕಾರುಗಳಲ್ಲೂ ಫ್ರೀವೀಲ್. ಅದಕ್ಕೆ ಕಾರಣ ಬೇರೆ. ಟೂ ಸ್ಟ್ರೋಕ್ ಎಂಜಿನಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆ. ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗಿಯರಿನಲ್ಲಿ ಇಳಿದರೆ ಎಂಜಿನು ಜೋರಾಗಿ ತಿರುಗುತ್ತದೆ, ಆಯಿಲ್ ಸಾಕಷ್ಟು ಹೋಗುವುದಿಲ್ಲ. ನನ್ನದೂ ಟೂ ಸ್ಟ್ರೋಕೇ. ಆದರೆ ತೋಟದ ಇಳಿಜಾರು ಐವತ್ತು ಅಡಿ, ಮನುಷ್ಯನ ನಡಿಗೆಯ ವೇಗ. ಅದರ ಹೆದರಿಕೆ ಬೇಡ.

ಅಷ್ಟೆಲ್ಲ ಆದ ಮೇಲೂ ಗಾಡಿಗೆ ಎರಡು ಮರದ ಅಡೆ ಸರಪಳಿಯಲ್ಲಿ ಕಟ್ಟಿದ್ದೇನೆ. ಆ ಅಕ್ಕ ಮೂರು ತಿಂಗಳ ನಂತರ ಕೆಲಸಕ್ಕೆ ಬಂದರು. ಈಗಲೂ ಕೆಳಗಿನ ತಟ್ಟಿಗೆ ಇಳಿಯುವ ಮುಂಚೆ ಮೇಲೆ ನೋಡಿ ಕೇಳುತ್ತಾರೆ, “ಅಣ್ಣಾ, ಅಡೆ ಕೊಟ್ಟಿದ್ದೀರಾ?” ನಾನು ಹೌದು ಅಂದರೂ ಬಂದು ನೋಡಿಯೇ ಇಳಿಯುತ್ತಾರೆ.

ನಿಮ್ಮಲ್ಲೂ ಇರಬಹುದು

ಫ್ರೀವೀಲ್ ಅಂದರೆ ಸೈಕಲ್ಲು ಮಾತ್ರವಲ್ಲ. ಡೀಸೆಲ್ ಪಂಪಿಗೆ ಹ್ಯಾಂಡಲ್ ಹೊಡೆಯುತ್ತೀರಲ್ಲ, ಅದರ ತುದಿಯ ಓರೆ ಕಚ್ಚೂ ಅದೇ ಜಾತಿ. ಎಂಜಿನು ಹಿಡಿದ ಕೂಡಲೇ ಓರೆ ಕಚ್ಚು ಹ್ಯಾಂಡಲನ್ನು ಹೊರಗೆ ತಳ್ಳಬೇಕು. ತುಕ್ಕು ಹಿಡಿದರೆ, ಕಚ್ಚು ಸವೆದು ಮುರುಟಿದರೆ ಹ್ಯಾಂಡಲ್ ಶಾಫ್ಟಿನಲ್ಲೇ ಉಳಿದು ಎಂಜಿನಿನ ಜೊತೆ ಗಿರ್ರನೆ ತಿರುಗುತ್ತದೆ. ಆಗ ಹಿಡಿಯಲು ಹೋಗಬೇಡಿ, ದೂರ ಸರಿಯಿರಿ. ವಾರಕ್ಕೊಮ್ಮೆ ಒರೆಸಿ ಎರಡು ಹನಿ ಎಣ್ಣೆ ಬಿಟ್ಟರೆ ಈ ಕಷ್ಟ ಇಲ್ಲ.

ಹಳೆ ಟ್ರಾಕ್ಟರಿಗೆ ಸ್ಲಾಷರ್ ಕಟ್ಟುವವರ ಪಾಡು ಇನ್ನೂ ಕಷ್ಟ. ಪಿಟಿಒ ಗಿಯರ್ ಬಾಕ್ಸಿನ ಜೊತೆಗೇ ಇರುವ ಮಾದರಿಗಳಲ್ಲಿ ಕ್ಲಚ್ಚು ತುಳಿದರೂ ಟ್ರಾಕ್ಟರು ನಿಲ್ಲದೆ ಮುಂದೆ ತಳ್ಳಿಕೊಂಡು ಹೋಗುತ್ತದೆ. ತಳ್ಳುವುದು ಎಂಜಿನಲ್ಲ, ಜೋರಾಗಿ ತಿರುಗುತ್ತಿರುವ ಭಾರದ ಬ್ಲೇಡು! ಪಿಟಿಒ ಶಾಫ್ಟಿಗೆ ಫ್ರೀವೀಲ್ ಕಪ್ಲಿಂಗ್ ಹಾಕಿದರೆ ಬ್ಲೇಡು ತನ್ನಷ್ಟಕ್ಕೆ ತಿರುಗಿ ನಿಲ್ಲುತ್ತದೆ, ಟ್ರಾಕ್ಟರು ಕೂಡಲೇ ನಿಲ್ಲುತ್ತದೆ. ಬೇಲಿ ಬದಿ, ಬಾವಿ ಬದಿ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು.

ಟಿಲ್ಲರಿನಲ್ಲಿ ಫ್ರೀವೀಲ್ ಇಲ್ಲ, ಆದರೆ ಇಳಿಜಾರಿನಲ್ಲಿ ಸ್ಟೇರಿಂಗ್ ಕ್ಲಚ್ಚು ಹಿಡಿದಿರೋ, ಆ ಗಾಲಿ ಬಿಡುಗಡೆಯಾಗುತ್ತದೆ. ಎಡದ್ದು ಹಿಡಿದರೆ ಎಡ ಗಾಲಿ ಓಡುತ್ತದೆ, ಬಲದ್ದನ್ನು ಎಂಜಿನು ಹಿಡಿದಿರುತ್ತದೆ. ಟಿಲ್ಲರು ಬಲಕ್ಕೆ ತಿರುಗುತ್ತದೆ, ನೀವೆಣಿಸಿದ್ದಕ್ಕೆ ಉಲ್ಟಾ. ದರೆ ಬಲಗಡೆ ಇದ್ದರೆ ಹೇಳುವುದೇ ಬೇಡ. ಕಡಿದಾದ ಇಳಿಜಾರಿನಲ್ಲಿ ಕ್ಲಚ್ಚು ಮುಟ್ಟದೆ ಹ್ಯಾಂಡಲನ್ನೇ ತೋಳಿನಲ್ಲಿ ಒತ್ತಿ ತಿರುಗಿಸಬೇಕು.

ಇನ್ನು ಒಂದೆರಡು ಸಣ್ಣ ವಿಷಯ. ಗಾಡಿಯನ್ನು ಕೈಯಲ್ಲಿ ಹಿಂದಕ್ಕೆ ಎಳೆಯಲು ಆಗದೆ ಗಾಲಿ ಹಿಡಿದಂತಾದರೆ ಮೊದಲು ನ್ಯೂಟ್ರಲ್ ಇದೆಯೇ ನೋಡಿ. ನಂತರ ಒಂದಿಂಚು ಮುಂದಕ್ಕೆ ತಳ್ಳಿ, ಬಿಗಿದ ನಾಲಗೆ ಸಡಿಲವಾಗುತ್ತದೆ. ಫ್ರೀವೀಲಿನ ಒಳಗೆ ದಪ್ಪ ಗ್ರೀಸು ತುಂಬಬೇಡಿ. ನಾಲಗೆ ಅಂಟಿಕೊಂಡರೆ ಪಾಪದ ಸ್ಪ್ರಿಂಗಿಗೆ ಅದನ್ನು ಎತ್ತಲು ಆಗುವುದಿಲ್ಲ, ಏರಿನ ಮಧ್ಯದಲ್ಲಿ ಹಿಡಿತ ತಪ್ಪುತ್ತದೆ. ತೆಳು ಎಣ್ಣೆ ಸಾಕು. ಗೊಬ್ಬರದ ನೀರು ಒಳಗೆ ಇಳಿಯುತ್ತದೆ, ಹಾಗಾಗಿ ಕೆಲಸ ಮುಗಿದ ದಿನ ಸಂಜೆ ತೊಳೆದು, ಒಣಗಿಸಿ, ಎಣ್ಣೆ ಬಿಟ್ಟು ಗಾಲಿಯನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ ಕಿವಿ ಕೊಡಿ. ಟಿಕ್ ಟಿಕ್ ಸಮನಾಗಿ ಕೇಳಬೇಕು. ನಡುವೆ ಒಂದು ತಪ್ಪಿದರೂ ಬಿಚ್ಚಿ ನೋಡಿಯೇ ಮರುದಿನ ಗಾಡಿ ಹೊರಡಿಸಿ.