ಹಸಿರಾಗಿರೋದೆಲ್ಲ ಕಾಡಲ್ಲ!

ನಗರ್ತಪೇಟೆಯ ಗಲ್ಲಿಯಲ್ಲಿ ನಿಂತು ತಲೆ ಎತ್ತಿದರೆ ಕಾಣೋದು ಕೇಬಲ್‌ಗಳ ಸಂದಿಯ ಒಂದು ಚೂರು ಆಕಾಶ. ಇಲ್ಲಿಗೂ ಬೆಟ್ಟಕ್ಕೂ ಏನು ನಂಟು ಅಂತೀರಾ? ನಲ್ಲಿ ತಿರುಗಿಸಿ. ಅದರಲ್ಲಿ ಬರೋ ಕಾವೇರಿ ಹುಟ್ಟೋದು ಕೊಡಗಿನ ಬ್ರಹ್ಮಗಿರಿಯಲ್ಲಿ. ಅಲ್ಲಿಂದ ಕುದುರೆಮುಖ, ಬಾಬಾಬುಡನ್‌ಗಿರಿವರೆಗೂ ಎತ್ತರದ ಗುಡ್ಡಗಳ ಚಹರೆ ಒಂದೇ: ನೆತ್ತಿಯ ಮೇಲೆ ಹುಲ್ಲು, ಹಳ್ಳದ ಕಣಿವೆಯಲ್ಲಿ ಶೋಲಾ ಕಾಡು. ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡೋದು ಈ ಜೋಡಿ.

ಈ ಹುಲ್ಲು ಎಷ್ಟು ಉಳಿದಿದೆ? ಕುದುರೆಮುಖ ರಾಷ್ಟ್ರೀಯ ಉದ್ಯಾನವೊಂದೇ ಸುಮಾರು 600 ಚದರ ಕಿಲೋಮೀಟರ್. ನಡೆದು ಅಳೆಯೋ ಮಾತಲ್ಲ. ಅದಕ್ಕೇ ಉಪಗ್ರಹ ಬೇಕು. ಯುರೋಪಿನ ಸೆಂಟಿನೆಲ್-2 ತೆಗೆಯೋ ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ.

ಲೆಕ್ಕ ಸರಳ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತೆ. ಇವೆರಡನ್ನೂ ಹೋಲಿಸಿದಾಗ ಸಿಗೋ ಅಂಕಿಯೇ ಎನ್‌ಡಿವಿಐ. ಅಂಕಿ ಹೆಚ್ಚಿದ್ದಷ್ಟೂ ಹಸಿರು ಹೆಚ್ಚು.

ಎಡವೋದು ಇಲ್ಲೇ

ಹಾಗಾದರೆ ಅಂಕಿ ಏರಿದರೆ ಖುಷಿಪಡಬೇಕಲ್ವಾ? ಸ್ವಲ್ಪ ತಾಳಿ. ಮಳೆ ನಿಂತ ಹೊಸತರಲ್ಲಿ ಹುಲ್ಲು, ಮರ ಎರಡೂ ಹಸಿರೇ. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತೆ, ಶೋಲಾ ಹಸಿರಾಗೇ ಇರುತ್ತೆ. ಆಗ ಎರಡರ ನಡುವೆ ಗೆರೆ ಎಳೆಯೋದು ಸುಲಭ.

ಆದರೆ ಹುಲ್ಲಿನ ಮೇಲೆ ನೆಟ್ಟ ಅಕೇಶಿಯಾ ಕೂಡ ವರ್ಷವಿಡೀ ಹಸಿರು! ಬರೀ ಅಂಕಿ ನೋಡಿದವರಿಗೆ ಕಾಡು ಬೆಳೆದಿದೆ ಅನ್ನಿಸುತ್ತೆ. ಅಲ್ಲಿ ಸತ್ತಿರೋದು ಹುಲ್ಲುಗಾವಲು. ಹಾಗಾಗಿ ಬೇರೆ ಬೇರೆ ತಿಂಗಳ ಚಿತ್ರಗಳನ್ನು ಹೋಲಿಸಬೇಕು. ಅಂಚು ಗೆರೆ ಹೊಡೆದಂತೆ ನೇರವಾಗಿದ್ದರೆ ನೆಡುತೋಪು, ಹಳ್ಳದ ಜೊತೆ ಬಳುಕಿದ್ದರೆ ಶೋಲಾ ಇರಬಹುದು. ಕೊನೆಗೆ ಜಿಪಿಎಸ್ ಹಿಡಿದು ಗುಡ್ಡ ಹತ್ತಿ ಖಾತ್ರಿ ಮಾಡಿಕೊಳ್ಳಲೇಬೇಕು.

ಹೀಗೆ ಉಪಗ್ರಹ ಚಿತ್ರಗಳನ್ನು ಜೋಡಿಸಿ ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲಿನ ಹತ್ತಿರಹತ್ತಿರ ಕಾಲುಭಾಗ ನಾಲ್ಕು ದಶಕಗಳಲ್ಲಿ ಪರದೇಶಿ ಮರಗಳ ಪಾಲಾಗಿದೆ. ಹೆಚ್ಚು ಪೆಟ್ಟು ಬಿದ್ದಿರೋದು ತಮಿಳುನಾಡು, ಕೇರಳದ ಕಡೆಯ ಬೆಟ್ಟಗಳಿಗೆ. ಅಂದರೆ ನಾವು ಎಚ್ಚರವಾಗೋಕೆ ಇನ್ನೂ ಹೊತ್ತಿದೆ.

ಮುಂದಿನ ಟ್ರೆಕ್‌ಗೆ ಹೊರಡೋ ಮುಂಚೆ ಗೂಗಲ್ ಅರ್ಥ್‌ನಲ್ಲಿ ಆ ಗುಡ್ಡದ ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ನೋಡಿ. ಆಫೀಸಿನವರು ಯಾರಾದರೂ "ಬೋಳುಗುಡ್ಡ, ಗಿಡ ನೆಡೋಣ" ಅಂದರೆ ಬೇಡ ಅನ್ನಿ. ಅದು ಬೋಳಲ್ಲ, ನಮ್ಮ ನೀರಿನ ತವರು.