ಊರಿಗೊಂದು ಜೀವರಾಶಿಯ ದಫ್ತರ

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯೆಂದೊಡನೆ ಬಹುಮಂದಿಗೆ ಪಾಳೆಯಗಾರರ ನೆನಪಾಗುತ್ತದೆ. ಅವರ ಚರಿತ್ರೆಯನ್ನು ಬರೆದಿಟ್ಟವರಿದ್ದಾರೆ. ಹೊಲಗದ್ದೆಗಳ ಲೆಕ್ಕ ಶಾನುಭೋಗರ ಕಡತಗಳಲ್ಲಿ ಉಳಿಯಿತು. ಆದರೆ ಅದೇ ಸೀಮೆಯ ಗಿಡಮರ, ಹಕ್ಕಿಪಕ್ಷಿ, ಮೃಗಗಳ ಲೆಕ್ಕವೆಲ್ಲಿ? ಬಸ್ಸಿನ ಕಿಟಕಿಯಿಂದ ಕಂಡ ಕುರುಚಲು ಕಾಡನ್ನು ‘ಬರಿಯ ಜಾಲಿಮುಳ್ಳು, ಬೋಳುಗುಡ್ಡ’ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಈ ತೀರ್ಮಾನ ಎಷ್ಟು ತಪ್ಪೆಂಬುದಕ್ಕೆ ದೂರದ ನಿದರ್ಶನ ಬೇಡ. ಪಕ್ಕದ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ, ಸಂಜಯ್ ಗುಬ್ಬಿಯವರ ತಂಡ ಇರಿಸಿದ್ದ ಕ್ಯಾಮೆರಾಗಳಿಗೆ ಚಿಂಕಾರವೆಂಬ ಅಪರೂಪದ ಹುಲ್ಲೆ ಸಿಕ್ಕಿತು. ಪ್ರಾಣಿ ಸುಳಿದೊಡನೆ ತಾವಾಗಿಯೇ ಚಿತ್ರ ತೆಗೆಯುವ ಯಂತ್ರಗಳು ಅವು. ದನಕುರಿ ಕಾಯುವವರು ಅದನ್ನು ಮೊದಲೇ ಕಂಡಿದ್ದರೂ ಇರಬಹುದು; ಆದರೆ ಕಣ್ಣಿಗೆ ಕಂಡದ್ದು ದಾಖಲೆಯಾದಾಗ ಮಾತ್ರವೇ ಕಾನೂನಿನ ಕಿವಿಗೆ ಬೀಳುತ್ತದೆ. 2019ರಲ್ಲಿ ಸರ್ಕಾರವು ಅಲ್ಲಿಯ ಸುಮಾರು 136 ಚದರ ಕಿಲೋಮೀಟರು ಕಾಡನ್ನು ಚಿಂಕಾರ ವನ್ಯಧಾಮವೆಂದು ಘೋಷಿಸಿತು.

ದಾಖಲೆಗೆ ಮೊದಲು ಬೇಕಾದುದು ಸರಿಯಾದ ಗುರುತು. ಎಲ್ಲವನ್ನೂ ‘ಜಿಂಕೆ’ ಎಂದರೆ ಸಾಲದು. ಕೃಷ್ಣಮೃಗದ ಗಂಡಿಗೆ ತಿರುಚಿದ ಉದ್ದ ಕೊಂಬು, ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೊಂಬುಂಟು. ಮೈ ಕೆಂಗಂದು, ಹೊಟ್ಟೆ ಬಿಳುಪು. ನೀರು ವಿರಳವಾದ ಒಣ ಬಯಲಿನಲ್ಲಿಯೂ ಅದು ಬಾಳಬಲ್ಲುದು. ಆದ್ದರಿಂದಲೇ ಇಂಥ ಬಯಲನ್ನು ‘ಪಾಳುಭೂಮಿ’ಯೆಂದು ಬಗೆದು ಒತ್ತಾಗಿ ನೀಲಗಿರಿ ನೆಟ್ಟರೆ, ಮರ ಬೆಳೆಸಿದೆವೆಂಬ ಸಂತೋಷದಲ್ಲಿಯೇ ಅದರ ಮನೆಯನ್ನು ಕೆಡಿಸಿದಂತಾಗುತ್ತದೆ.

ಸಸ್ಯಗಳ ವಿಷಯದಲ್ಲಿ ನೆರೆಯ ಹಾಸನ ಜಿಲ್ಲೆ ಪುಣ್ಯಶಾಲಿ. ಸಿಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕಲ್ಸನ್ ಅವರು ಸಿದ್ಧಪಡಿಸಿದ ಅಲ್ಲಿಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಪ್ರಕಟವಾಯಿತು. ಇಂಥ ಕೆಲಸಕ್ಕೆ ವಿದ್ವಾಂಸರೇ ಬೇಕೆಂಬುದು ನಿಜ. ಆದರೆ ಊರಿನವರಿಂದ ಮಾತ್ರ ಆಗುವ ಕೆಲಸವೂ ಒಂದುಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ಸಮಿತಿಯನ್ನು ರಚಿಸಬೇಕು. ಆ ಸಮಿತಿ ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಕಾಡು, ಕೆರೆ, ಗೋಮಾಳಗಳ ಜೀವಿಗಳಷ್ಟೇ ಅಲ್ಲ, ನಾಟಿ ರಾಗಿ, ಅವರೆಗಳ ತಳಿಗಳೂ ಮನೆಮದ್ದಿನ ತಿಳಿವಳಿಕೆಯೂ ಅದರಲ್ಲಿ ಸೇರುತ್ತವೆ. ವಿವರ ಕೊಡಬಲ್ಲ ಹಿರಿಯರು ಕಣ್ಮರೆಯಾದ ಮೇಲೆ ಆ ಪುಟಗಳನ್ನು ತುಂಬುವವರಾರು?

ಪಟ್ಟಣದಲ್ಲಿರುವ ನೀವೂ ಇದಕ್ಕೆ ನೆರವಾಗಬಹುದು. ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಗೆ ಒಂದು ಪುಸ್ತಕ ಕೊಡಿ. ಕಂಡದ್ದೇನು, ಎಲ್ಲಿ, ಯಾವ ದಿನ, ಎಷ್ಟು, ಏನು ಮಾಡುತ್ತಿತ್ತು—ಈ ಐದನ್ನು ಬರೆಯಲಿ. ಅಜ್ಜಿ ಹೇಳುವ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳಲಿ. ಶಾಸ್ತ್ರೀಯ ನಾಮವನ್ನು ಬಲ್ಲವರಿಂದ ಆಮೇಲೆ ಕೇಳಿ ತಿಳಿಯಬಹುದು. ಗುರುತು ಸಿಗದ ಗಿಡವನ್ನು ಕೀಳದೆ ಎಲೆ, ಹೂ, ಕಾಯಿಗಳ ಚಿತ್ರ ತೆಗೆಯಲಿ. ಹಕ್ಕಿಗಳ ಗೂಡಿನ ಬಳಿಗೆ ಹೋಗದಿರಲಿ. ಅಪರೂಪದ ಪ್ರಾಣಿಯ ಜಾಗವನ್ನು ಎಲ್ಲರಿಗೂ ಸಾರದಿರಲಿ, ಬೇಟೆಗಾರರಿಗೂ ಕಿವಿಯುಂಟು.

ಹೊಂಗೆ ಯಾವಾಗ ಚಿಗುರಿತು, ಮುತ್ತುಗ ಯಾವಾಗ ಹೂ ಬಿಟ್ಟಿತು, ಕೆರೆಗೆ ಬಾತುಗಳು ಯಾವಾಗ ಬಂದವು—ಇಷ್ಟನ್ನೇ ಹತ್ತು ವರ್ಷ ಬರೆದಿಟ್ಟರೂ ಮಳೆಬೆಳೆಯ ಏರುಪೇರನ್ನು ಅರಿಯುವವರಿಗೆ ಅದು ಬೆಲೆಯುಳ್ಳ ಸಾಮಗ್ರಿ. ಮುಂದಿನ ಸಲ ಊರಿಗೆ ಹೊರಡುವಾಗ ಚೀಲದಲ್ಲಿ ಒಂದು ನೋಟುಪುಸ್ತಕವಿರಲಿ.