ಹೆಸರಿನ ಕಾವಲು

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಕ್‌ಪೋರ್ಟ್ ಎಂಬ ಊರಿದೆ. 1938ರಲ್ಲಿ ಅಲ್ಲಿನ ಪರ್ಸು ತಯಾರಿಸುವ ಸಂಸ್ಥೆಯೊಂದು ತನ್ನ ಸರಕಿಗೆ ಹೊಸದೊಂದು ಆಕರ್ಷಣೆಯನ್ನು ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು ಆ ದೇಶದ ಸರ್ಕಾರವು ದುಡಿಯುವ ಜನರಿಗೆ ‘ಸೋಷಿಯಲ್ ಸೆಕ್ಯುರಿಟಿ’ ಯೋಜನೆಯ ಅಡಿಯಲ್ಲಿ ಒಂಬತ್ತು ಅಂಕಿಗಳ ಸಂಖ್ಯೆಯುಳ್ಳ ಕಾರ್ಡುಗಳನ್ನು ನೀಡತೊಡಗಿತ್ತು. ಆ ಕಾರ್ಡು ತಮ್ಮ ಪರ್ಸಿನೊಳಗೆ ಅಂದವಾಗಿ ಹಿಡಿಸುತ್ತದೆಂದು ತೋರಿಸಲು ಸಂಸ್ಥೆಯವರು ಪ್ರತಿಯೊಂದು ಪರ್ಸಿನಲ್ಲಿಯೂ ಒಂದು ಮಾದರಿ ಕಾರ್ಡನ್ನು ಇರಿಸಿದರು. ಅದರ ಮೇಲೆ ಮುದ್ರಿಸಿದ್ದ ಸಂಖ್ಯೆ ಮಾತ್ರ ಕಲ್ಪಿತವಾದುದಾಗಿರಲಿಲ್ಲ. ಅದು ಆ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಕಾರ್ಯದರ್ಶಿನಿಯೊಬ್ಬಳ ನಿಜವಾದ ಸಂಖ್ಯೆಯಾಗಿತ್ತು.

ಮಾದರಿಯೆಂದು ಅದರ ಮೇಲೆ ಬರೆದಿದ್ದರೂ ಪರ್ಸು ಕೊಂಡವರಲ್ಲಿ ಅನೇಕರು ಆ ಸಂಖ್ಯೆಯನ್ನು ತಮ್ಮದೇ ಎಂದು ಭಾವಿಸಿದರು. 1943ರಲ್ಲಿ 5,755 ಜನರು ಅದನ್ನು ಬಳಸುತ್ತಿದ್ದರು. ಕಾಲಾಂತರದಲ್ಲಿ ಅದನ್ನು ತಮ್ಮದೆಂದು ನಮೂದಿಸಿದವರ ಸಂಖ್ಯೆ 40,000ವನ್ನು ಮೀರಿತು. ಕೊನೆಗೆ ಸರ್ಕಾರವು ಆ ಸಂಖ್ಯೆಯನ್ನೇ ರದ್ದುಮಾಡಿ, ಆ ಮಹಿಳೆಗೆ ಬೇರೊಂದು ಸಂಖ್ಯೆಯನ್ನು ಕೊಡಬೇಕಾಯಿತು. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ತನ್ನ ಗುರುತನ್ನು ಸಾವಿರಾರು ಜನರೊಂದಿಗೆ ಹಂಚಿಕೊಳ್ಳಬೇಕಾಗಿ ಬಂದಿತ್ತು.

ಅಂದು ನಡೆದುದು ತಿಳಿಯದೆ ಆದ ಪ್ರಮಾದ. ಇಂದು ಅದೇ ಕೆಲಸವನ್ನು ತಿಳಿದೂ ತಿಳಿದೂ ಮಾಡುವ ವಂಚಕರಿದ್ದಾರೆ. ಮತ್ತೊಬ್ಬರ ಹೆಸರು, ಹುಟ್ಟಿದ ದಿನಾಂಕ, ಸಂಖ್ಯೆ ಮುಂತಾದ ವಿವರಗಳನ್ನು ಅಪಹರಿಸಿ, ಅವರಂತೆ ನಟಿಸಿ ಸಾಲ ಪಡೆಯುವುದನ್ನು ಅಥವಾ ಲಾಭ ಗಳಿಸುವುದನ್ನು ‘ಗುರುತಿನ ಕಳವು’ ಎನ್ನುತ್ತಾರೆ. ಅಮೆರಿಕದಲ್ಲಿ 1998ರ ಶಾಸನವು ಇದನ್ನು ಪ್ರತ್ಯೇಕ ಅಪರಾಧವೆಂದು ಸಾರಿತು. ಈ ಕಳವಿಗೂ ಇತರ ಕಳವುಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೊಟ್ಟಿಗೆಯಿಂದ ಎತ್ತು ಕಳವಾದರೆ ಬೆಳಗಾಗುವಾಗ ಬರಿಯ ಗೂಟ ಕಣ್ಣಿಗೆ ಬೀಳುತ್ತದೆ. ಹೆಸರು ಕಳವಾದಾಗ ಯಾವ ಗೂಟವೂ ಬರಿದಾಗುವುದಿಲ್ಲ. ತಾನು ಪಡೆಯದ ಸಾಲವನ್ನು ತೀರಿಸೆಂದು ಪತ್ರ ಬಂದಾಗಲೇ ಕಳೆದುಕೊಂಡವನಿಗೆ ಅದು ತಿಳಿಯುತ್ತದೆ. ಎಳೆಯ ಮಕ್ಕಳ ಸಂಖ್ಯೆಗಳನ್ನು ಕದ್ದು ಸಾಲ ಮಾಡಿರುವ ಪ್ರಸಂಗಗಳೂ ಉಂಟು. ಆ ಮಗು ಬೆಳೆದು ಕಾಲೇಜಿನ ಶಿಕ್ಷಣಕ್ಕಾಗಿ ಸಾಲ ಕೇಳುವವರೆಗೂ ಅದು ಗುಪ್ತವಾಗಿಯೇ ಉಳಿಯಬಹುದು.

ಇಂತಹ ವಂಚನೆ ಹೇಗೆ ಸಾಧ್ಯವಾಗುತ್ತದೆ? ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಸಂಸ್ಥೆಗಳು ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸಿ ಇಡುತ್ತವೆ. ಯಾರಾದರೂ ಸಾಲ ಕೇಳಿದಾಗ ಬ್ಯಾಂಕು ಈ ಸಂಸ್ಥೆಗಳಿಂದ ವರದಿಯನ್ನು ತರಿಸಿಕೊಂಡು, ಅದು ತೃಪ್ತಿಕರವಾಗಿದ್ದರೆ ಸಾಲ ಮಂಜೂರು ಮಾಡುತ್ತದೆ. ಅರ್ಜಿದಾರನು ಸರಿಯಾದ ಹೆಸರನ್ನೂ ಸಂಖ್ಯೆಯನ್ನೂ ಬರೆದಿದ್ದರೆ ಅವನು ಬೇರೊಬ್ಬನೆಂಬುದು ದೂರದ ಬ್ಯಾಂಕಿಗೆ ಸುಲಭವಾಗಿ ತಿಳಿಯದು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯು ಗುರುತಿನ ಸಾಧನವಲ್ಲವೆಂದು 1946ರಿಂದ 1972ರವರೆಗೆ ಕಾರ್ಡುಗಳ ಮೇಲೆಯೇ ಅಚ್ಚಾಗುತ್ತಿತ್ತು. ಆದರೂ ಅನುಕೂಲದ ದೃಷ್ಟಿಯಿಂದ ಬ್ಯಾಂಕುಗಳೂ ಆಸ್ಪತ್ರೆಗಳೂ ವಿದ್ಯಾಲಯಗಳೂ ಅದನ್ನೇ ಗುರುತಾಗಿ ಬಳಸಿದವು. ಹೀಗೆ ಬಹುಜನರಿಗೆ ತಿಳಿದ ಸಂಖ್ಯೆಯೇ ಗುಟ್ಟಿನ ಕೀಲಿಕೈಯ ಕೆಲಸವನ್ನೂ ಮಾಡಬೇಕಾಯಿತು.

ಜನರಲ್ಲಿ ಉಂಟಾದ ಈ ಭಯವೇ ಹೊಸ ವ್ಯಾಪಾರವೊಂದಕ್ಕೆ ದಾರಿಯಾಯಿತು. ತಿಂಗಳಿಗೆ ಇಂತಿಷ್ಟು ಹಣ ತೆತ್ತರೆ ಗುರುತನ್ನು ಕಾಯುವುದಾಗಿ ಹೇಳುವ ಸಂಸ್ಥೆಗಳು ಹುಟ್ಟಿಕೊಂಡವು. ಅವು ಸಾಮಾನ್ಯವಾಗಿ ಮೂರು ಬಗೆಯ ಸೇವೆಗಳನ್ನು ಸಲ್ಲಿಸುತ್ತವೆ. ಮೊದಲನೆಯದು ಕಾವಲು: ಸದಸ್ಯನ ಸಾಲದ ವರದಿಯಲ್ಲಿ ಬದಲಾವಣೆ ಕಂಡಾಗ ಅವನಿಗೆ ಸುದ್ದಿ ಮುಟ್ಟಿಸುವುದು. ಎರಡನೆಯದು ವಿಮೆ. ಮೂರನೆಯದು ಪರಿಹಾರ: ಕಳವಾದ ಮೇಲೆ ಪತ್ರವ್ಯವಹಾರ ನಡೆಸಿ ಹೆಸರನ್ನು ಸರಿಪಡಿಸಲು ನೆರವಾಗುವುದು.

ಇವುಗಳಲ್ಲಿ 2005ರಲ್ಲಿ ಸ್ಥಾಪಿತವಾದ ಲೈಫ್‌ಲಾಕ್ ಬಹು ಪ್ರಸಿದ್ಧವಾಯಿತು. ಅದರ ಶುಲ್ಕ ಆಗ ತಿಂಗಳಿಗೆ 10 ಡಾಲರ್. ಅದರ ಮುಖ್ಯಾಧಿಕಾರಿ ಟಾಡ್ ಡೇವಿಸ್ ತನ್ನ ನಿಜವಾದ ಸಂಖ್ಯೆಯನ್ನು ಜಾಹೀರಾತುಗಳಲ್ಲಿ ಬಹಿರಂಗವಾಗಿ ಪ್ರಕಟಿಸಿದನು. ಒಂದು ಲಾರಿಯ ಮೇಲೆಯೂ ಅದನ್ನು ದೊಡ್ಡದಾಗಿ ಬರೆಯಿಸಿದನು. ತನ್ನ ಸಂಸ್ಥೆಯ ಕಾವಲು ಇರುವಾಗ ಯಾರೂ ಏನನ್ನೂ ಮಾಡಲಾರರೆಂಬುದು ಅವನ ಘೋಷಣೆಯ ತಾತ್ಪರ್ಯ. ಆದರೆ 2007ರಲ್ಲಿ ಟೆಕ್ಸಾಸ್ ರಾಜ್ಯದ ವ್ಯಕ್ತಿಯೊಬ್ಬನು ಅದೇ ಸಂಖ್ಯೆಯನ್ನು ಬಳಸಿ 500 ಡಾಲರ್ ಸಾಲ ಪಡೆದನು. ಡೇವಿಸನ ಗುರುತು 13 ಬಾರಿ ದುರುಪಯೋಗವಾಗಿದೆಯೆಂದು 2010ರಲ್ಲಿ ಪತ್ರಿಕೆಯೊಂದು ಬಯಲುಮಾಡಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ಹುಸಿ ಭರವಸೆಗಳನ್ನು ನೀಡಿದ ಆರೋಪದ ಮೇಲೆ, ಆ ಸಂಸ್ಥೆಯು ಫೆಡರಲ್ ಟ್ರೇಡ್ ಕಮಿಷನ್ನಿಗೂ 35 ರಾಜ್ಯಗಳಿಗೂ ಒಟ್ಟು 120 ಲಕ್ಷ ಡಾಲರ್ ತೆರಲು ಒಪ್ಪಿಕೊಂಡಿತು. ಆ ರಕ್ಷಣೆಯಲ್ಲಿ ಅದೇ ಲಾರಿಯನ್ನು ನುಗ್ಗಿಸುವಷ್ಟು ದೊಡ್ಡ ರಂಧ್ರವಿತ್ತೆಂದು ಕಮಿಷನ್ನಿನ ಅಧ್ಯಕ್ಷರು ಟೀಕಿಸಿದರು. ಅಂದಿನ ಆದೇಶವನ್ನು ಉಲ್ಲಂಘಿಸಿದ ಆರೋಪಕ್ಕಾಗಿ 2015ರಲ್ಲಿ ಅದು ಮತ್ತೆ 10 ಕೋಟಿ ಡಾಲರ್ ತೆರಬೇಕಾಯಿತು.

ಒಂದು ಸಂಸ್ಥೆಯ ದೋಷದಿಂದ ಇಡೀ ಸೇವೆಯನ್ನು ಅಳೆಯುವುದು ನ್ಯಾಯವಲ್ಲ. ಸೇವೆಯ ಸ್ವರೂಪವನ್ನೇ ಪರಿಶೀಲಿಸಬೇಕು. ಸಾಲದ ವರದಿಯನ್ನು ಕಾಯುವವನು ಕಳ್ಳನನ್ನು ತಡೆಯುವವನಲ್ಲ. ಕಳ್ಳನು ಬಂದನೆಂದು ಕೂಗಿ ಹೇಳುವವನು. ಕೂಗು ಬೇಗನೆ ಕೇಳಿಸಿದರೆ ಹಾನಿ ಕಡಿಮೆಯಾಗುವುದು ನಿಜ. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಫಲ? ಅಲ್ಲದೆ, ಇನ್ನೊಬ್ಬರ ಹೆಸರಿನಲ್ಲಿ ತೆರಿಗೆಯ ಮರುಪಾವತಿಯನ್ನು ಪಡೆಯುವುದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ಮುಂತಾದ ವಂಚನೆಗಳು ಸಾಲದ ವರದಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಈ ಸೇವೆಗಳಿಂದ ಕೆಲವು ಪ್ರಯೋಜನಗಳಿದ್ದರೂ ವಂಚನೆಯನ್ನು ತಡೆಯುವಲ್ಲಿ ಅವುಗಳ ಶಕ್ತಿ ಮಿತವಾದುದೆಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯು 2017ರಲ್ಲಿ ವರದಿ ಮಾಡಿತು.

ಅದೇ ವರ್ಷ ನಡೆದ ಮತ್ತೊಂದು ಘಟನೆ ಜನರ ಕಣ್ಣು ತೆರೆಯಿಸಿತು. ಸಾಲದ ಚರಿತ್ರೆಯನ್ನು ಕಾಪಾಡಬೇಕಾದ ಈಕ್ವಿಫ್ಯಾಕ್ಸ್ ಸಂಸ್ಥೆಯ ಕಂಪ್ಯೂಟರುಗಳಿಗೇ ಕನ್ನ ಬಿತ್ತು. ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಕಳ್ಳರ ಪಾಲಾದವು. ತಂತ್ರಾಂಶದಲ್ಲಿದ್ದ ದೋಷವೂ ಅದನ್ನು ಮುಚ್ಚುವ ಉಪಾಯವೂ ಮಾರ್ಚ್ ತಿಂಗಳಿನಲ್ಲಿಯೇ ಪ್ರಕಟವಾಗಿದ್ದವು. ಸಂಸ್ಥೆಯವರು ಅದನ್ನು ಸಕಾಲದಲ್ಲಿ ಮುಚ್ಚದಿದ್ದುದರಿಂದ ಮೇ ತಿಂಗಳಿನಲ್ಲಿ ಕಳ್ಳರು ಒಳನುಗ್ಗಿದರು. ಅಲ್ಲಿ ವಿವರ ಕಳೆದುಕೊಂಡವರು ತಮ್ಮ ಅಜಾಗರೂಕತೆಯಿಂದ ಕಳೆದುಕೊಂಡವರಲ್ಲ. ತನ್ನ ಬಾಗಿಲನ್ನು ಭದ್ರಪಡಿಸಿಕೊಂಡ ಗೃಹಸ್ಥನೂ ಪರರ ಉಗ್ರಾಣದಲ್ಲಿರುವ ತನ್ನ ಸೊತ್ತನ್ನು ಕಾಯಲಾರನೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ರಕ್ಷಣೆಯ ಮಾರ್ಗವಾವುದು? ಕಾವಲುಗಾರನಿಗಿಂತ ಬೀಗವೇ ಮೇಲು. ಸಾಲದ ವರದಿಗೆ ‘ಸ್ತಂಭನ’ ಹಾಕಿಸುವ ಅವಕಾಶ ಅಲ್ಲಿದೆ. ಒಬ್ಬನು ತನ್ನ ವರದಿಯನ್ನು ಸ್ತಂಭನಗೊಳಿಸಿದರೆ ಹೊಸದಾಗಿ ಸಾಲ ಕೊಡುವವರಿಗೆ ಅದು ದೊರೆಯುವುದಿಲ್ಲ. ವರದಿ ದೊರೆಯದಿದ್ದರೆ ಸಾಲ ಮಂಜೂರಾಗುವುದು ಕಷ್ಟ. ತಾನೇ ಸಾಲ ಪಡೆಯಬೇಕಾದಾಗ ಅದನ್ನು ಸ್ವಲ್ಪ ಕಾಲ ತೆರೆಯಿಸಿಕೊಳ್ಳಬಹುದು. ಮೊದಲು ಅನೇಕ ರಾಜ್ಯಗಳಲ್ಲಿ ಇದಕ್ಕೆ ಶುಲ್ಕವಿತ್ತು. ಈಕ್ವಿಫ್ಯಾಕ್ಸ್ ಪ್ರಕರಣದ ತರುವಾಯ ರಚಿತವಾದ ಶಾಸನದಿಂದ 2018ರ ಸೆಪ್ಟೆಂಬರ್ 21ರಿಂದ ಇದು ದೇಶದಾದ್ಯಂತ ಉಚಿತವಾಯಿತು. 16 ವರ್ಷಕ್ಕಿಂತ ಕಿರಿಯ ಮಕ್ಕಳ ಹೆಸರಿನಲ್ಲಿ ತಂದೆತಾಯಿಗಳೂ ಇದನ್ನು ಮಾಡಿಸಬಹುದು. ಸಾಲದ ವರದಿಯನ್ನೂ ಉಚಿತವಾಗಿ ತರಿಸಿಕೊಂಡು ಪರೀಕ್ಷಿಸಬಹುದು. ತೆರಿಗೆಯ ವಂಚನೆಯನ್ನು ತಡೆಯಲು ತೆರಿಗೆ ಇಲಾಖೆಯಿಂದ ಆರು ಅಂಕಿಗಳ ಗುಪ್ತಸಂಖ್ಯೆಯನ್ನು ಪಡೆಯಬಹುದು. ಇವೆಲ್ಲಕ್ಕೂ ಬೇಕಾದುದು ಹಣವಲ್ಲ; ಸ್ವಲ್ಪ ಹೊತ್ತು ಮತ್ತು ತಾಳ್ಮೆ.

ವಿಮೆಯ ವಿಷಯದಲ್ಲಿಯೂ ವಿವೇಚನೆ ಅಗತ್ಯ. ಹತ್ತು ಲಕ್ಷ ಡಾಲರುಗಳ ವಿಮೆಯೆಂಬ ಮಾತು ಕಿವಿಗೆ ಇಂಪಾಗಿರುತ್ತದೆ. ಆದರೆ ಕ್ರೆಡಿಟ್ ಕಾರ್ಡನ್ನು ಬೇರೊಬ್ಬರು ಬಳಸಿದಾಗ ಅದರ ಒಡೆಯನು ಹೊರಬೇಕಾದ ನಷ್ಟವನ್ನು ಅಲ್ಲಿನ ಕಾನೂನೇ 50 ಡಾಲರಿಗೆ ಮಿತಗೊಳಿಸಿದೆ. ಆದುದರಿಂದ ಅಷ್ಟು ದೊಡ್ಡ ಮೊತ್ತ ಬಳಕೆಗೆ ಬರುವ ಸಂದರ್ಭ ಅಪರೂಪ. ಹಾಗೆಂದು ಈ ಸೇವೆಗಳು ಸರ್ವಥಾ ನಿರರ್ಥಕವೆನ್ನಲಾಗದು. ಈಗಾಗಲೇ ವಂಚನೆಗೆ ಗುರಿಯಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವನಿಗೆ, ಪತ್ರವ್ಯವಹಾರ ನಡೆಸಲಾರದ ವೃದ್ಧರಿಗೆ, ತಿಳಿದವರ ನೆರವು ಬೆಲೆಯುಳ್ಳದ್ದೇ ಸರಿ. ಆರೋಗ್ಯವಂತನೂ ಬಿಡುವುಳ್ಳವನೂ ಆದವನು ಮಾತ್ರ, ತಾನೇ ಉಚಿತವಾಗಿ ಮಾಡಿಕೊಳ್ಳಬಹುದಾದ ಕೆಲಸಕ್ಕೆ ವರ್ಷವರ್ಷವೂ ಕೂಲಿ ತೆರುವ ಮುನ್ನ ಯೋಚಿಸಬೇಕು.

ಈ ವಿಷಯ ಸಾಗರದಾಚೆಯದೆಂದು ಭಾರತೀಯರು ಉದಾಸೀನರಾಗುವಂತಿಲ್ಲ. ಆ ಮೂರು ಸಂಸ್ಥೆಗಳೂ ನಮ್ಮ ದೇಶದಲ್ಲಿಯೂ ಕಾರ್ಯ ನಡೆಸುತ್ತಿವೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ಸಾಲದ ವರದಿಯನ್ನು ಉಚಿತವಾಗಿ ಪಡೆಯಬಹುದು. ಆಧಾರ್ ಹೊಂದಿರುವವರು ತಮ್ಮ ಬೆರಳಚ್ಚಿನ ಬಳಕೆಗೆ ತಾವೇ ಬೀಗ ಹಾಕಿಕೊಳ್ಳಬಹುದು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನೂ ಪಡೆಯಬಹುದು. ಹಣ ವಂಚನೆಗೆ ಒಳಗಾದವರು ತಡಮಾಡದೆ 1930 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡಬೇಕು.

ಭಯವನ್ನು ತೋರಿಸಿ ಮಾರುವ ವಸ್ತುವನ್ನು ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಕಳ್ಳನನ್ನು ತಡೆಯುತ್ತದೆಯೆ, ಅಥವಾ ಕಳವಾದ ಸುದ್ದಿಯನ್ನು ಮಾತ್ರ ಮುಟ್ಟಿಸುತ್ತದೆಯೆ? ಇದೇ ಕೆಲಸವನ್ನು ಹಣವಿಲ್ಲದೆ ಮಾಡಿಕೊಳ್ಳಲು ಕಾನೂನು ಈಗಾಗಲೇ ಹಕ್ಕು ನೀಡಿದೆಯೆ? ಇವಕ್ಕೆ ಉತ್ತರ ತಿಳಿದವನು ಸುಲಭವಾಗಿ ಮೋಸಹೋಗಲಾರನು. ಹಣ ಕೊಟ್ಟು ಇರಿಸಿಕೊಂಡ ಕಾವಲುಗಾರನು ಒಮ್ಮೊಮ್ಮೆ ನಿದ್ರಿಸಬಹುದು. ತನ್ನ ಹಕ್ಕನ್ನು ಅರಿತು ಎಚ್ಚರದಿಂದಿರುವ ಪ್ರಜೆಯೇ ತನ್ನ ಹೆಸರಿಗೆ ಉತ್ತಮ ಕಾವಲುಗಾರ.